ಹಳೆಯ ಫೆರೆಟ್‌ಗೆ ಹೊಸ ಜೊತೆ: ಪರಿಚಯ ಮಾಡಿಸುವ ಸಮಗ್ರ ಮಾರ್ಗದರ್ಶಿ

ಫೆರೆಟ್ ಅಂದರೆ ಮುಂಗುಸಿಯಂತೆ ಉದ್ದ ಮೈಯ, ಮಾಂಸ ತಿನ್ನುವ ಚಿಕ್ಕ ಸಾಕುಪ್ರಾಣಿ. ಒಂದು ಫೆರೆಟ್ ಸಾಕಿದವರಿಗೆ ಇನ್ನೊಂದು ಬೇಕು ಅನ್ನಿಸಲು ಜಾಸ್ತಿ ದಿನ ಬೇಕಾಗುವುದಿಲ್ಲ. ಎರಡು ಫೆರೆಟ್‌ಗಳು ಅಟ್ಟಿಸಿಕೊಂಡು ಓಡಾಡಿ, ಸುಸ್ತಾಗಿ, ಒಂದರ ಮೇಲೊಂದು ಬಿದ್ದು ಮಲಗಿರುವುದನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಮೊದಲ ದಿನವೇ ಅದು ಕಾಣಸಿಗುವುದು ಅಪರೂಪ. ಮೊದಲ ದಿನ ಸಿಗುವುದು ಬುಸುಗುಟ್ಟುವಿಕೆ, ಕಿರುಚಾಟ, ಉಬ್ಬಿದ ಬಾಲ.

ಫೆರೆಟ್‌ನ ಮೂಲವಾದ ಪೋಲ್‌ಕ್ಯಾಟ್ ಒಂಟಿಯಾಗಿ ಬದುಕುವ ಕಾಡುಪ್ರಾಣಿ. 2000 ವರ್ಷಕ್ಕೂ ಹೆಚ್ಚು ಕಾಲ ಮನುಷ್ಯರ ಜೊತೆಗಿದ್ದ ಫೆರೆಟ್ ಕೂಡಿ ಬಾಳುವುದನ್ನು ಕಲಿತಿದೆ, ನಿಜ. ಆದರೂ 'ಇದು ನನ್ನ ಜಾಗ' ಅನ್ನುವ ಹಠವನ್ನು ಪೂರ್ತಿ ಬಿಟ್ಟಿಲ್ಲ. ಅದರ ಕಣ್ಣು ಅಷ್ಟು ಚುರುಕಲ್ಲ, ಮೂಗೇ ಎಲ್ಲ. ಹಳೆಯ ಫೆರೆಟ್ ಮನೆಯ ಮೂಲೆ ಮೂಲೆಗೂ ಹಿಂಭಾಗ ಉಜ್ಜಿ ತನ್ನ ವಾಸನೆ ಹಚ್ಚಿರುತ್ತದೆ. ಅಲ್ಲಿಗೆ ಗುರುತಿಲ್ಲದ ವಾಸನೆಯೊಂದು ನಡೆದು ಬಂದರೆ ಸುಮ್ನೆ ಇರುತ್ತಾ?

ಈ ಕೆಲಸ ಕೆಡುವುದು ಎರಡು ಆತುರದಿಂದ. ಒಂದು, ಬೇಗ ಒಟ್ಟಿಗೆ ಬಿಡುವ ಆತುರ. ಇನ್ನೊಂದು, ಬಿಟ್ಟ ಮೇಲೆ ಸ್ವಲ್ಪ ಕಿರುಚಿದ ಕೂಡಲೇ ಬಿಡಿಸುವ ಆತುರ. ಮೊದಲನೆಯದರ ಬಗ್ಗೆ ಎಲ್ಲರೂ ಹೇಳುತ್ತಾರೆ. ಎರಡನೆಯದೇ ಜಾಸ್ತಿ ಕೆಡಿಸುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ತರುವ ಮೊದಲು

ನಿಮ್ಮ ಹಳೆಯ ಫೆರೆಟ್‌ಗೆ ಜೊತೆ ಬೇಕಾ ಅಂತ ಮೊದಲು ಯೋಚಿಸಿ. ಚಿಕ್ಕಂದಿನಿಂದ ಬೇರೆ ಫೆರೆಟ್‌ಗಳ ಜೊತೆ ಬೆಳೆದದ್ದು ಸುಲಭವಾಗಿ ಒಪ್ಪುತ್ತದೆ. ವರ್ಷಗಟ್ಟಲೆ ಒಂಟಿಯಾಗಿದ್ದು, ಮನುಷ್ಯರನ್ನೇ ತನ್ನ ಬಳಗ ಅಂದುಕೊಂಡದ್ದಕ್ಕೆ ಕಷ್ಟ. ಜೊತೆಗಾರನನ್ನು ಕಳೆದುಕೊಂಡು ಮಂಕಾಗಿರುವ ಫೆರೆಟ್‌ಗೆ ಹೊಸದನ್ನು ತರುವುದು ಒಳ್ಳೆಯದೇ. ಆದರೆ ಆ ಮಂಕುತನ ದುಃಖವಾ ಕಾಯಿಲೆಯಾ ಅಂತ ಮೊದಲು ವೈದ್ಯರಿಂದ ತಿಳಿದುಕೊಳ್ಳಿ. ನಡುವಯಸ್ಸು ದಾಟಿದ ಫೆರೆಟ್‌ಗಳಲ್ಲಿ ಇನ್ಸುಲಿನೋಮಾ, ಅಂದರೆ ಇನ್ಸುಲಿನ್ ಅತಿಯಾಗಿ ಸುರಿಸುವ ಮೇದೋಜೀರಕ ಗ್ರಂಥಿಯ ಗಡ್ಡೆ, ಸಾಮಾನ್ಯ. ರಕ್ತದ ಸಕ್ಕರೆ ಇಳಿದು ಅವು ಮಂಕಾಗುತ್ತವೆ, ಜೊಲ್ಲು ಸುರಿಸುತ್ತವೆ, ಹಿಂಗಾಲು ಸೋಲುತ್ತವೆ. ಅಂಥ ಪ್ರಾಣಿಯ ಮುಂದೆ ತುಂಟ ಮರಿಯೊಂದನ್ನು ತಂದು ಬಿಟ್ಟರೆ ಅದಕ್ಕೆ ಹಿಂಸೆ.

ಇನ್ನು ಗಂಡೋ ಹೆಣ್ಣೋ ಅನ್ನುವ ಪ್ರಶ್ನೆ. ಎರಡಕ್ಕೂ ಸಂತಾನಹರಣ ಆಪರೇಷನ್ ಆಗಿದ್ದರೆ ಲಿಂಗಕ್ಕಿಂತ ಸ್ವಭಾವ ಮುಖ್ಯ. ಆಗಿಲ್ಲದಿದ್ದರೆ ಮಾತೇ ಬೇರೆ. ಆಪರೇಷನ್ ಆಗದ ಎರಡು ಗಂಡುಗಳು ಬೆದೆಯ ಕಾಲದಲ್ಲಿ ಒಂದನ್ನೊಂದು ಬಲವಾಗಿ ಗಾಯಗೊಳಿಸಬಲ್ಲವು. ಅಂಥ ಗಂಡಿನ ಜೊತೆ ಹೆಣ್ಣನ್ನು ಬಿಟ್ಟರೆ ಗಂಡು ಅದರ ಕತ್ತು ಕಚ್ಚಿ ಎಳೆದಾಡುತ್ತದೆ, ಜೊತೆಗೆ ಬೇಡದ ಮರಿಗಳು. ಹೆಣ್ಣು ಫೆರೆಟ್ ಬೆದೆಗೆ ಬಂದು ಗಂಡು ಸಿಗದಿದ್ದರೆ ಬೆದೆ ತಾನಾಗಿ ಇಳಿಯುವುದು ಕಡಿಮೆ. ಈಸ್ಟ್ರೊಜೆನ್ ಹಾರ್ಮೋನು ಏರಿದಂತೆ ಮೂಳೆಮಜ್ಜೆ ಕೆಟ್ಟು, ರಕ್ತಹೀನತೆಯಿಂದ ಪ್ರಾಣವೇ ಹೋಗಬಹುದು. ಆಪರೇಷನ್ ಅಥವಾ ಡೆಸ್ಲೊರೆಲಿನ್ ಇಂಪ್ಲಾಂಟ್ (ಬೆದೆಯ ಹಾರ್ಮೋನು ತಡೆಯಲು ಚರ್ಮದಡಿ ಇಡುವ ಔಷಧ), ಯಾವುದು ಸರಿ ಅಂತ ಫೆರೆಟ್ ನೋಡಿ ಅನುಭವವಿರುವ ವೈದ್ಯರ ಹತ್ತಿರ ಮಾತಾಡಿ. ಆಪರೇಷನ್ ಆದ ಮರುದಿನವೇ ಗಂಡು ಸಾಧು ಆಗುವುದಿಲ್ಲ, ಹಾರ್ಮೋನು ಇಳಿಯಲು ಕೆಲವು ವಾರ ಬೇಕು.

ಆಪರೇಷನ್ ಆಗಿ ಎಷ್ಟೋ ಕಾಲವಾದ ಫೆರೆಟ್ ಇದ್ದಕ್ಕಿದ್ದಂತೆ ಬೆದೆಗೆ ಬಂದ ಹಾಗೆ ಆಡಿದರೆ, ಬಾಲದ ಕಡೆಯಿಂದ ಕೂದಲು ಉದುರುತ್ತಿದ್ದರೆ, ಮೂತ್ರಪಿಂಡದ ಹತ್ತಿರವಿರುವ ಅಡ್ರಿನಲ್ ಗ್ರಂಥಿಯ ಕಾಯಿಲೆ ಇರಬಹುದು. ಅದೂ ಜಗಳಗಂಟಿತನಕ್ಕೆ ಕಾರಣ. ಅದನ್ನು ತೋರಿಸದೆ ಪರಿಚಯಕ್ಕೆ ಕೈ ಹಾಕಬೇಡಿ.

ಹಂತ 1: ಬೇರೆ ಕೋಣೆ, ಕನಿಷ್ಠ ಎರಡು ವಾರ

ಹೊಸದು ಎಲ್ಲಿಂದಲೇ ಬಂದಿರಲಿ, ನೋಡಲು ಎಷ್ಟೇ ಗಟ್ಟಿಮುಟ್ಟಾಗಿರಲಿ, ಕನಿಷ್ಠ 14 ದಿನ ಬೇರೆ ಕೋಣೆಯಲ್ಲಿರಲಿ. ಬೇರೆ ಪಂಜರ ಸಾಲದು, ಬೇರೆ ಕೋಣೆಯೇ ಬೇಕು. ಕೋಣೆ ತಂಪಾಗಿರಲಿ. 30 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋದರೆ ಫೆರೆಟ್‌ಗಳು ಬಿಸಿಲಾಘಾತಕ್ಕೆ ಸಿಗುತ್ತವೆ.

ಈ ಹಂತ ಬಿಟ್ಟುಬಿಡುವವರು ಜಾಸ್ತಿ. ಬಿಡಬಾರದು ಯಾಕೆ ಅಂದರೆ, ಇಸಿಇ ಅನ್ನುವ ಕರುಳಿನ ಸೋಂಕು ಇದೆ. 1993ರಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡದ್ದು, ಕೊರೊನಾ ವೈರಸ್ ಗುಂಪಿನದು. ಎಳೆಯ ಫೆರೆಟ್‌ಗಳು ಏನೂ ಆಗದ ಹಾಗೆ ಕುಣಿದಾಡುತ್ತಲೇ ಇದನ್ನು ಹೊತ್ತು ತರುತ್ತವೆ. ಮನೆಯಲ್ಲಿರುವ ವಯಸ್ಸಾದದ್ದಕ್ಕೆ ತಗುಲಿದರೆ ಹಸಿರು ಲೋಳೆಯಂಥ ಭೇದಿ ಶುರುವಾಗಿ ಅದು ನೆಲ ಹಿಡಿಯುತ್ತದೆ. ನಾಯಿಗಳಿಗೆ ಬರುವ ಡಿಸ್ಟೆಂಪರ್ ಇನ್ನೂ ಭಯಂಕರ. ಫೆರೆಟ್‌ಗೆ ಬಂದರೆ ಬದುಕುವುದು ತೀರಾ ಅಪರೂಪ. ಅದಕ್ಕೆ ಲಸಿಕೆ ಇದೆ. ಅಲ್ಯೂಷಿಯನ್ ಅನ್ನುವ ಇನ್ನೊಂದು ವೈರಸ್ ಕಾಯಿಲೆಗೆ ಲಸಿಕೆಯೂ ಇಲ್ಲ, ಗುಣವಾಗುವ ಔಷಧವೂ ಇಲ್ಲ, ರಕ್ತ ಪರೀಕ್ಷೆಯಿಂದ ಮಾತ್ರ ಸುಳಿವು ಸಿಗುತ್ತದೆ.

ಹೊಸದನ್ನು ಮೊದಲ ವಾರದಲ್ಲೇ ವೈದ್ಯರಿಗೆ ತೋರಿಸಿ. ಡಿಸ್ಟೆಂಪರ್ ಮತ್ತು ರೇಬೀಸ್ ಲಸಿಕೆ, ಮಲ ಪರೀಕ್ಷೆ, ಕಿವಿಯ ನುಸಿ, ಚಿಗಟ, ಎಲ್ಲ ನೋಡಿಸಿ. ಫೆರೆಟ್‌ನ ಕಿವಿಯ ಗುಗ್ಗೆ ಕೆಂಪುಗಂದು ಬಣ್ಣದ್ದಿರುವುದು ಸಹಜ. ಕಪ್ಪಾಗಿ ಕಾಫಿಪುಡಿ ಹಾಗೆ ಕಂಡರೆ ನುಸಿ ಇರಬಹುದು.

ದಿನವೂ ಊಟ, ಶುಚಿ ಎಲ್ಲ ಮೊದಲು ಹಳೆಯದಕ್ಕೆ, ಆಮೇಲೆ ಹೊಸದಕ್ಕೆ. ಉಲ್ಟಾ ಮಾಡಬೇಡಿ. ಹೊಸದರ ಕೋಣೆಯಿಂದ ಬಂದ ಮೇಲೆ ಕೈ ತೊಳೆದು, ಅಂಗಿ ಬದಲಿಸಿ. ತಟ್ಟೆ, ನೀರಿನ ಬಾಟಲಿ, ಲಿಟರ್ ಬಾಕ್ಸ್ (ಮಲಮೂತ್ರಕ್ಕೆ ಇಡುವ ಡಬ್ಬ) ಯಾವುದನ್ನೂ ಹಂಚಬೇಡಿ. ನಿಮಗೇ ಫ್ಲೂ ಬಂದಿದ್ದರೆ ಇಬ್ಬರಿಂದಲೂ ದೂರವಿರಿ, ಮನುಷ್ಯರ ಫ್ಲೂ ಫೆರೆಟ್‌ಗಳಿಗೆ ಹಾಗೇ ಹತ್ತುತ್ತದೆ.

ಈ ಎರಡು ವಾರ ವ್ಯರ್ಥ ಅಂತ ಅಂದುಕೊಳ್ಳಬೇಡಿ. ಹೊಸದು ಕಚ್ಚುತ್ತದಾ, ಎತ್ತಿಕೊಂಡರೆ ಒದ್ದಾಡುತ್ತದಾ, ಲಿಟರ್ ಬಾಕ್ಸ್ ಬಳಸುತ್ತದಾ ಅಂತ ಗೊತ್ತಾಗುವುದು ಈಗಲೇ. ಊಟ ಹೊಂದಿಸಲೂ ಇದೇ ಸಮಯ. ಫೆರೆಟ್‌ಗಳು ಮರಿಯಾಗಿದ್ದಾಗ ತಿಂದದ್ದನ್ನೇ ಊಟ ಅಂತ ಗುರುತಿಸುತ್ತವೆ, ಹೊಸದನ್ನು ಮೂಸಿಯೂ ನೋಡದೆ ಹಸಿದು ಕೂರುತ್ತವೆ. ಹಳೆಯ ಆಹಾರಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಾ ಬನ್ನಿ.

ಹಂತ 2: ಮೂಗಿಗೆ ಮೊದಲು ಪರಿಚಯ

ಬಂದ ದಿನದಿಂದಲೇ ಹಾಸಿಗೆ ಬಟ್ಟೆ ಅದಲು ಬದಲು ಮಾಡಿ ಅನ್ನುವ ಸಲಹೆ ಕೇಳಿರಬಹುದು. ನನಗೆ ಅದು ಸರಿ ಕಾಣುವುದಿಲ್ಲ. ಬಟ್ಟೆಯ ಜೊತೆ ವೈರಸ್ಸೂ ಹೋಗುತ್ತದೆ, ಎರಡು ವಾರ ಬೇರೆ ಇಟ್ಟು ಏನು ಬಂತು? ಕ್ವಾರಂಟೈನ್ ಮುಗಿದು, ವೈದ್ಯರು ಒಪ್ಪಿದ ಮೇಲೆ ಶುರು ಮಾಡಿ.

ಮೊದಲು ಹ್ಯಾಮಕ್‌ಗಳನ್ನು, ಅಂದರೆ ಪಂಜರದಲ್ಲಿ ತೂಗುಹಾಕುವ ಬಟ್ಟೆಯ ಹಾಸಿಗೆಗಳನ್ನು, ಅದಲು ಬದಲು ಮಾಡಿ. ಹಳೆಯದು ಆ ಬಟ್ಟೆಯನ್ನು ಹೇಗೆ ನೋಡುತ್ತದೆ ಅಂತ ಗಮನಿಸಿ. ಮೂಸಿ ಅದರೊಳಗೇ ಮಲಗಿದರೆ, ಅಥವಾ ಕಚ್ಚಿಕೊಂಡು ತನ್ನ ಗುಪ್ತ ಜಾಗಕ್ಕೆ ಎಳೆದುಕೊಂಡು ಹೋದರೆ ಒಳ್ಳೆಯ ಲಕ್ಷಣ. ಬುಸುಗುಟ್ಟಿ, ಅದರ ಮೇಲೇ ಮಲ ಮಾಡಿದರೆ ಇನ್ನೂ ಕಾಯಬೇಕು ಅಂತ ಅರ್ಥ. ಆಮೇಲೆ ಕೋಣೆಗಳನ್ನೇ ಬದಲಿಸಿ. ಹಳೆಯದು ಹೊಸದರ ಕೋಣೆಯಲ್ಲಿ ಒಂದು ತಾಸು, ಹೊಸದು ಹಳೆಯದರ ಜಾಗದಲ್ಲಿ ಒಂದು ತಾಸು. ಎದುರಾಗುವುದು ಬೇಡ.

ಕೊನೆಗೆ ಎರಡೂ ಪಂಜರಗಳನ್ನು ಅಕ್ಕಪಕ್ಕ ಇಡಿ. ಮಧ್ಯೆ ಒಂದು ಗೇಣು ಜಾಗ ಬಿಡಿ. ಅಂಟಿಸಿ ಇಟ್ಟರೆ ಸರಳಿನ ಸಂದಿಯಿಂದ ಕಾಲ್ಬೆರಳು ಕಚ್ಚಿಸಿಕೊಳ್ಳುವ ಅಪಾಯವಿದೆ.

ಇಬ್ಬರಿಗೂ ಒಂದೇ ಶಾಂಪೂ ಹಾಕಿ ಸ್ನಾನ ಮಾಡಿಸಿದರೆ ವಾಸನೆ ಒಂದೇ ಆಗುತ್ತದೆ ಅಂತಾರೆ. ಒಂದು ಸಲ ಮಾಡಿಸಿದರೆ ನಷ್ಟವಿಲ್ಲ. ಆದರೆ ಪದೇ ಪದೇ ಮಾಡಿಸಿದರೆ ಚರ್ಮ ಒಣಗಿ, ಎಣ್ಣೆ ಇನ್ನೂ ಜಾಸ್ತಿ ಸ್ರವಿಸಿ ವಾಸನೆ ಹೆಚ್ಚುತ್ತದೆ. ನೀರಿಗೆ ಹೆದರುವ ಫೆರೆಟ್ ಆದರೆ ಬೇಡವೇ ಬೇಡ. ಹೆದರಿ ನಡುಗುತ್ತಿರುವಾಗ ಯಾರು ತಾನೇ ಸ್ನೇಹ ಮಾಡ್ತಾರೆ?

ಹಂತ 3: ಮೊದಲ ಭೇಟಿ

ಹಳೆಯದು ದಿನವೂ ಆಡದ ಜಾಗ ಆರಿಸಿ. ಬಚ್ಚಲುಮನೆ, ಪಡಸಾಲೆಯ ಒಂದು ಭಾಗ, ಅಥವಾ ಬೇರೆಯವರ ಮನೆಯ ಖಾಲಿ ಕೋಣೆ. ನೆಲ ಜಾರುವಂತಿದ್ದರೆ ಚಾಪೆ ಹಾಸಿ. ಹಳೆಯದರ ಇಷ್ಟದ ಆಟಿಕೆಗಳನ್ನು ತೆಗೆದಿಡಿ. ಎರಡೂ ಬದಿ ತೆರೆದಿರುವ ಒಂದೆರಡು ಕೊಳವೆ ಇಡಿ. ಒಂದೇ ಬಾಯಿಯ ಡಬ್ಬ, ಚೀಲ ಬೇಡ, ಒಳಗೆ ಸಿಕ್ಕಿಕೊಂಡದ್ದಕ್ಕೆ ಹೊರಬರಲು ದಾರಿ ಇರುವುದಿಲ್ಲ.

ಹಿಂದಿನ ದಿನವೇ ಇಬ್ಬರ ಉಗುರು ಕತ್ತರಿಸಿರಿ. ಭೇಟಿಗೆ ಮೊದಲು ಇಬ್ಬರಿಗೂ ಹೊಟ್ಟೆ ತುಂಬಿರಲಿ. ಯಾರು ಜಾಸ್ತಿ ತುಂಟರೋ ಅವರನ್ನು ಮೊದಲು ಬೇರೆಯಾಗಿ ಆಡಿಸಿ ಸ್ವಲ್ಪ ದಣಿಸಿ. ಕೈಗೆಟುಕುವಂತೆ ಒಂದು ದಪ್ಪ ಟವೆಲ್ ಇಟ್ಟುಕೊಳ್ಳಿ. ಇಬ್ಬರ ಕತ್ತಿನ ಹಿಂದೆಯೂ ಒಂದೊಂದು ಹನಿ ಸಾಲ್ಮನ್ ಎಣ್ಣೆ ಸವರಿ. ಕಚ್ಚಲು ಹೋದ ಬಾಯಿ ನೆಕ್ಕಲು ಶುರು ಮಾಡುತ್ತದೆ. ಕಹಿ ಸ್ಪ್ರೇ ಹಾಕುವವರೂ ಇದ್ದಾರೆ, ನನಗೆ ಎಣ್ಣೆಯೇ ವಾಸಿ ಅನ್ನಿಸುತ್ತದೆ. ಜೊತೆಗಾರನ ರುಚಿ ಕಹಿ ಅಂತ ಕಲಿಸುವುದಕ್ಕಿಂತ ಸಿಹಿ ಅಂತ ಕಲಿಸುವುದು ಮೇಲಲ್ವಾ?

ಈಗ ನೆಲದ ಮೇಲೆ ಕೂತುಕೊಂಡು ಇಬ್ಬರನ್ನೂ ದೂರ ದೂರ ಇಳಿಸಿ. ಒಂದನ್ನು ಕೈಯಲ್ಲಿ ಹಿಡಿದು ಇನ್ನೊಂದರ ಮುಖಕ್ಕೆ ಒಡ್ಡಬೇಡಿ. ಹಿಡಿತದಲ್ಲಿರುವುದಕ್ಕೆ ಓಡಲು ಆಗದು, ಅದು ನಿಮ್ಮ ಕೈಯನ್ನೇ ಕಚ್ಚುತ್ತದೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಹಳೆಯದು ಕತ್ತು ಚಾಚಿ, ಹೊಟ್ಟೆ ನೆಲಕ್ಕೆ ತಾಗಿಸಿ ಹತ್ತಿರ ಬರುತ್ತದೆ. ಹೊಸದು ಕಲ್ಲಿನಂತೆ ನಿಂತುಬಿಡುತ್ತದೆ. ಹಳೆಯದು ಕಿವಿ ಮೂಸಿ, ಪಕ್ಕೆ ಮೂಸಿ, ಕೊನೆಗೆ ಬಾಲದ ಕೆಳಗೆ ಮೂಗು ಹಾಕುತ್ತದೆ. ಹೊಸದು ಗಿರ್ರನೆ ತಿರುಗಿ ತಾನೂ ಅಲ್ಲೇ ಮೂಸಲು ನೋಡುತ್ತದೆ, ಇಬ್ಬರೂ ಸುತ್ತುತ್ತಾರೆ. ಅಷ್ಟರಲ್ಲಿ ಹಳೆಯದು ಫಕ್ಕನೆ ಕತ್ತಿನ ಹಿಂದಿನ ಸಡಿಲ ಚರ್ಮ ಕಚ್ಚಿ ಹೊಸದನ್ನು ಮೂಲೆಗೆ ಎಳೆಯುತ್ತದೆ. ಹೊಸದು ಕೀರ್ ಅಂತ ಕಿರುಚುತ್ತದೆ. ನಿಮ್ಮ ಎದೆ ಝಲ್ಲೆನ್ನುತ್ತದೆ. ಕೈ ಚಾಚಬೇಡಿ. ಒಂದೆರಡು ಕ್ಷಣದಲ್ಲಿ ಹಳೆಯದು ಬಿಡುತ್ತದೆ. ಹೊಸದು ಮೈ ಕೊಡವಿಕೊಂಡು, ಓಡಿಹೋಗುವ ಬದಲು ವಾಪಸ್ ಬಂದು ಹಳೆಯದರ ಬಾಲಕ್ಕೆ ಬಾಯಿ ಹಾಕಿತು ಅನ್ನಿ, ನಿಮ್ಮ ಕೆಲಸ ಅರ್ಧ ಮುಗಿಯಿತು.

ಮೊದಲ ಸಲ 10ರಿಂದ 15 ನಿಮಿಷ ಸಾಕು. ಎಲ್ಲ ಚೆನ್ನಾಗಿ ನಡೆಯುತ್ತಿರುವಾಗಲೇ ನಿಲ್ಲಿಸಿ, ಜಗಳದಲ್ಲಿ ಮುಗಿಸಬೇಡಿ. ದಿನಕ್ಕೆ ಒಂದೆರಡು ಸಲ ಮಾಡುತ್ತಾ ಸಮಯ ಹೆಚ್ಚಿಸಿ.

ಆಟವೋ, ಜಗಳವೋ?

ಇಡೀ ಕೆಲಸದಲ್ಲಿ ಕಷ್ಟವಾದದ್ದು ಇದೇ. ಫೆರೆಟ್‌ಗಳ ಆಟ ನೋಡಲು ಕೊಲೆಯ ಹಾಗೇ ಇರುತ್ತದೆ. ಕತ್ತು ಕಚ್ಚಿ ಎಳೆಯುವುದು, ಕೆಡವಿ ಮೇಲೆ ಕೂರುವುದು, ಉರುಳಾಡುವುದು ಎಲ್ಲ ಆಟದಲ್ಲೇ ಇವೆ. ಯಾರು ದೊಡ್ಡವರು ಅನ್ನುವುದು ತೀರ್ಮಾನವಾಗುವುದೂ ಹೀಗೆಯೇ. ಕತ್ತಿನ ಚರ್ಮ ದಪ್ಪ, ಮನುಷ್ಯರಿಗೆ ರಕ್ತ ಬರಿಸುವ ಕಚ್ಚು ಅಲ್ಲಿ ಗೀರೂ ಮಾಡದಿರಬಹುದು.

ಆಟವಾದರೆ ಮೈ ಸಡಿಲವಾಗಿರುತ್ತದೆ. ಬಾಯಿ ತೆರೆದಿರುತ್ತದೆ, ಬೆನ್ನು ಬಿಲ್ಲಿನಂತೆ ಬಾಗಿಸಿ ಅಡ್ಡಡ್ಡ ಜಿಗಿಯುತ್ತವೆ, ಗಂಟಲಲ್ಲಿ 'ಡುಕ್ ಡುಕ್' ಅನ್ನುವ ಸದ್ದು ಬರುತ್ತದೆ. ಮುಖ್ಯವಾಗಿ ಸರದಿ ಇರುತ್ತದೆ. ಅಟ್ಟಿಸಿದವರು ಆಮೇಲೆ ಅಟ್ಟಿಸಿಕೊಳ್ಳುತ್ತಾರೆ. ಬಾಲ ಬಾಟಲಿ ಬ್ರಷ್ಷಿನಂತೆ ಉಬ್ಬಿರುವುದನ್ನು ನೋಡಿ ಹೆದರಬೇಡಿ, ಖುಷಿಗೂ ಉಬ್ಬುತ್ತದೆ, ಭಯಕ್ಕೂ ಉಬ್ಬುತ್ತದೆ. ಬುಸುಗುಟ್ಟುವುದು 'ಸಾಕು, ದೂರ ಹೋಗು' ಅನ್ನುವ ಮಾತು. ಒಮ್ಮೆ ಕಿರುಚುವುದೂ ಅಷ್ಟೇ. ಹೆದರಿಕೆಯಲ್ಲಿ ಗುದಗ್ರಂಥಿಯಿಂದ ಗಬ್ಬು ವಾಸನೆ ಬಿಡಬಹುದು. ಕಿಟಕಿ ತೆಗೆಯಿರಿ, ಕೆಲವು ನಿಮಿಷದಲ್ಲಿ ಹೋಗುತ್ತದೆ. ಅಷ್ಟಕ್ಕೇ ಭೇಟಿ ಕೆಟ್ಟಿತು ಅಂದುಕೊಳ್ಳಬೇಡಿ.

ನಿಜವಾದ ಜಗಳಕ್ಕೆ ಮೂರು ಗುರುತು: ರಕ್ತ, ಹೆದರಿಕೆಯಿಂದ ಮಲಮೂತ್ರ ಹೋಗುವುದು, ನಿಲ್ಲದ ಕಿರುಚಾಟ. ಈ ಮೂರರಲ್ಲಿ ಒಂದು ಕಂಡರೂ ಬಿಡಿಸಿ. ಕಚ್ಚಿ ಹಿಡಿದು ಬಿಡದೆ ಒದರಾಡಿಸುವುದು, ಮುಖ, ಕಿವಿ, ಹೊಟ್ಟೆಗೆ ಬಾಯಿ ಹಾಕುವುದು ಕೂಡ ಆಟವಲ್ಲ. ಸದ್ದಿಲ್ಲದ ದಾಳಿಗೆ ಜಾಸ್ತಿ ಹುಷಾರಾಗಿರಿ. ಡುಕ್ ಇಲ್ಲ, ಕುಣಿತ ಇಲ್ಲ, ಮೈ ಬಿಗಿ ಮಾಡಿಕೊಂಡು ಒಂದೇ ಗುರಿಯಿಟ್ಟು ಬೆನ್ನತ್ತುತ್ತಿದ್ದರೆ ಅದು ಬೇಟೆಯ ನಡೆ.

ಇವು ಇಲ್ಲದಿದ್ದರೆ ಬಿಡಿಸಬೇಡಿ. ಪ್ರತಿ ಕಿರುಚಾಟಕ್ಕೂ ನೀವು ಎತ್ತಿಕೊಂಡರೆ ಯಾರು ಮೇಲು ಅನ್ನುವುದು ತೀರ್ಮಾನವಾಗುವುದೇ ಇಲ್ಲ. ಪ್ರತಿ ಭೇಟಿಯೂ ಮೊದಲ ಭೇಟಿಯೇ ಆಗಿ ಉಳಿಯುತ್ತದೆ. ಅನುಮಾನವಾದರೆ ಮೇಲಿರುವುದನ್ನು ಮೆಲ್ಲಗೆ ಸರಿಸಿ, ಕೆಳಗಿದ್ದದ್ದು ಏನು ಮಾಡುತ್ತದೆ ನೋಡಿ. ಮತ್ತೆ ಹತ್ತಿರ ಹೋದರೆ ಅದಕ್ಕೆ ಆಟ ಬೇಕು. ಮೂಲೆಗೆ ಓಡಿ ಅಡಗಿದರೆ ಇವತ್ತಿಗೆ ಸಾಕು.

ಬಿಡಿಸುವುದು ಹೇಗೆ

ಎರಡರ ಮಧ್ಯೆ ಬರಿಗೈ ಹಾಕಬೇಡಿ. ಟವೆಲ್ ಮುಚ್ಚಿ, ಕಚ್ಚಿದ್ದನ್ನು ಕತ್ತಿನ ಹಿಂದಿನ ಚರ್ಮ ಹಿಡಿದು ಎತ್ತಿ. ಮೈ ಸಡಿಲಾಗಿ ಆಕಳಿಸಿ ಬಾಯಿ ಬಿಡುತ್ತದೆ. ಕಚ್ಚಿಕೊಂಡಿರುವಾಗ ಜಗ್ಗಿದರೆ ಚರ್ಮ ಹರಿಯುತ್ತದೆ. ಬಿಡದಿದ್ದರೆ ಮೂಗಿನ ಹತ್ತಿರ ಎಣ್ಣೆ ಹಿಡಿಯಿರಿ. ಹೊಡೆಯುವುದು, ಮೂಗಿಗೆ ಬೆರಳಿನಿಂದ ತಟ್ಟುವುದು ಬೇಡ. ಹೊಸದು ಬಂದಾಗೆಲ್ಲ ಪೆಟ್ಟು ಬೀಳುತ್ತದೆ ಅನ್ನುವುದಷ್ಟೇ ಅದಕ್ಕೆ ನೆನಪಿರುತ್ತದೆ.

ಆಮೇಲೆ ಕೂದಲು ಬಿಡಿಸಿ ಮೈಯೆಲ್ಲ ನೋಡಿ. ಕೋರೆಹಲ್ಲಿನ ತೂತು ಹೊರಗೆ ಚಿಕ್ಕದು, ಒಳಗೆ ಆಳ. ಕೀವು ಕಟ್ಟಬಹುದು. ತೂತು ಕಂಡರೆ ವೈದ್ಯರಿಗೆ ತೋರಿಸಿ. ಒಂದು ದಿನ ಇಬ್ಬರಿಗೂ ವಿರಾಮ ಕೊಟ್ಟು, ಒಂದು ಹಂತ ಹಿಂದಕ್ಕೆ ಹೋಗಿ ಹ್ಯಾಮಕ್ ಬದಲಿಸುವುದರಿಂದ ಮತ್ತೆ ಶುರು ಮಾಡಿ.

ಸ್ವಲ್ಪ ಜಾಸ್ತಿ ಎಚ್ಚರ ಬೇಕಾದ ಜೋಡಿಗಳು

ಎಳೆ ಮರಿ ಮತ್ತು ದೊಡ್ಡ ಗಂಡು. ಗಂಡು ಫೆರೆಟ್ ಹೆಣ್ಣಿನ ಎರಡರಷ್ಟು ತೂಗಬಹುದು, ಮರಿಯ ಮುಂದಂತೂ ದೈತ್ಯ. ಮರಿಗೆ ಮೂರು ತಿಂಗಳು ತುಂಬುವವರೆಗೆ ಕಣ್ಣೆದುರಿಗೇ ಆಡಲಿ. ಉಲ್ಟಾ ಕಷ್ಟವೂ ಇದೆ: ಮರಿಗೆ ಸುಸ್ತೇ ಆಗುವುದಿಲ್ಲ, ದಿನಕ್ಕೆ 14ರಿಂದ 18 ತಾಸು ಮಲಗಬೇಕಾದ ಹಿರಿಯನಿಗೆ ನಿದ್ದೆ ಸಿಗುವುದಿಲ್ಲ. ಮರಿ ಹತ್ತಲಾಗದ ಎತ್ತರದಲ್ಲಿ ಒಂದು ಹಾಸಿಗೆ ಮಾಡಿಕೊಡಿ.

ತಲೆಯ ಮೇಲೆ ಬಿಳಿ ಪಟ್ಟೆ ಇರುವ, ಅಥವಾ ತಲೆ ಪೂರ್ತಿ ಬೆಳ್ಳಗಿರುವ ಫೆರೆಟ್‌ಗಳಲ್ಲಿ ಹುಟ್ಟು ಕಿವುಡು ಜಾಸ್ತಿ. ಅವಕ್ಕೆ ಎದುರಿನವರ ಕಿರುಚಾಟ ಕೇಳುವುದಿಲ್ಲ. ನೋವಾಯಿತು ಅಂತ ಗೊತ್ತಾಗದೆ ಇನ್ನೂ ಜೋರಾಗಿ ಕಚ್ಚುತ್ತವೆ. ಕೆಟ್ಟ ಬುದ್ಧಿ ಅಲ್ಲ ಅದು. ಇಂಥ ಜೋಡಿಯಲ್ಲಿ ನೀವು ಸ್ವಲ್ಪ ಬೇಗ ಮಧ್ಯೆ ಬರಬೇಕು. ಮಲಗಿದ್ದಾಗ ಇನ್ನೊಂದು ಬಂದು ಬೀಳದಂತೆ ನೋಡಿ, ಬೆಚ್ಚಿದರೆ ಕಚ್ಚುತ್ತದೆ.

ಹಂತ 4: ಒಂದೇ ಪಂಜರ

ಹೊರಗೆ ಆಡುವಾಗ ಜಗಳ ನಿಂತು, ಪಂಜರದ ಹೊರಗೆ ತಾವಾಗಿಯೇ ಒಟ್ಟಿಗೆ ಮಲಗಲು ಶುರು ಮಾಡಿದ ಮೇಲೆ ಮಾತ್ರ ಇದಕ್ಕೆ ಬನ್ನಿ. ಬಳಸುವ ಪಂಜರವನ್ನು ಪೂರ್ತಿ ತೊಳೆಯಿರಿ. ಸರಳು, ತಟ್ಟೆ, ಬಟ್ಟೆ ಎಲ್ಲ. ಒಳಗಿನ ಜೋಡಣೆ ಬದಲಿಸಿ, ಹ್ಯಾಮಕ್ ಇದ್ದಲ್ಲಿ ಲಿಟರ್ ಬಾಕ್ಸ್, ಲಿಟರ್ ಬಾಕ್ಸ್ ಇದ್ದಲ್ಲಿ ಮೆಟ್ಟಿಲು. ಹಳೆಯದಕ್ಕೂ ಅದು ಹೊಸ ಮನೆಯಾಗಬೇಕು.

ಊಟದ ತಟ್ಟೆ, ನೀರು, ಲಿಟರ್ ಬಾಕ್ಸ್, ಮಲಗುವ ಜಾಗ ಎಲ್ಲ ಎರಡೆರಡು, ಒಂದಕ್ಕೊಂದು ದೂರ ಇರಲಿ. ಊಟದ ವಿಷಯದಲ್ಲಿ ರಾಜಿ ಬೇಡ. ಫೆರೆಟ್ ತಿಂದದ್ದು ಮೂರ್ನಾಲ್ಕು ತಾಸಿನಲ್ಲಿ ಹೊರಗೆ ಬಂದುಬಿಡುತ್ತದೆ, ಪದೇ ಪದೇ ತಿನ್ನಲೇಬೇಕು. ಒಂದು ಫೆರೆಟ್ ತಟ್ಟೆಗೆ ಕಾವಲು ಕೂತರೆ ಇನ್ನೊಂದು ಬೇಗ ಸೊರಗುತ್ತದೆ. ವಾರಕ್ಕೊಮ್ಮೆ ಇಬ್ಬರನ್ನೂ ತೂಕ ಮಾಡಿ ಬರೆದಿಡಿ. ಋತು ಬದಲಾದಾಗ ಇಬ್ಬರ ತೂಕವೂ ಏರಿಳಿಯುವುದು ಸಹಜ. ಒಂದರದ್ದು ಮಾತ್ರ ಇಳಿಯುತ್ತಿದ್ದರೆ ತಟ್ಟೆಯ ಹತ್ತಿರ ಏನೋ ನಡೆಯುತ್ತಿದೆ, ಇಲ್ಲವೇ ಕಾಯಿಲೆ.

ಮೊದಲು ನೀವು ಮನೆಯಲ್ಲಿ ಎಚ್ಚರವಿರುವ ಹೊತ್ತಿನಲ್ಲಿ ಮಾತ್ರ ಒಟ್ಟಿಗೆ ಇಡಿ. ಕೆಲವು ದಿನ ಶಾಂತವಾಗಿ ಕಳೆದ ಮೇಲೆ ರಾತ್ರಿಗೂ ಬಿಡಿ.

ಹೊಂದಿಕೆ ಆಗದಿದ್ದರೆ

ಕೆಲವು ಜೋಡಿ ಒಂದೇ ದಿನದಲ್ಲಿ ಒಂದಾಗುತ್ತವೆ. ಬಹಳಷ್ಟಕ್ಕೆ ಕೆಲವು ವಾರ ಬೇಕು. ತಿಂಗಳುಗಟ್ಟಲೆ ಎಳೆಯುವವೂ ಇವೆ. ಜಗಳದ ತೀವ್ರತೆ ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿದ್ದರೆ ಮುಂದುವರಿಸಿ. ಹಾಗೇ ಇದ್ದರೆ, ಅಥವಾ ಒಂದು ಫೆರೆಟ್ ಊಟ ಬಿಟ್ಟು ಅಡಗಿಯೇ ಕೂತಿದ್ದರೆ, ಹಠ ಹಿಡಿಯಬೇಡಿ. ಎರಡು ಪಂಜರ, ಎರಡು ಸರದಿಯ ಆಟ ಅಂತ ಮಾಡಿಕೊಂಡು ಅವು ಸುಖವಾಗಿಯೇ ಇರಬಲ್ಲವು. ನಿಮಗೆ ಕೆಲಸ ಎರಡರಷ್ಟು, ಅಷ್ಟೇ.

ಹೊಂದಿಕೊಂಡ ಮೇಲೂ ಎರಡನೆಯ ಪಂಜರ ಮಾರಬೇಡಿ. ಒಂದು ಕಾಯಿಲೆ ಬಿದ್ದಾಗ, ಆಪರೇಷನ್ ಆದಾಗ ಬೇಕೇ ಬೇಕು. ಆಸ್ಪತ್ರೆಯಿಂದ ವಾಪಸ್ ಬಂದದ್ದಕ್ಕೆ ಔಷಧದ ವಾಸನೆ ಮೆತ್ತಿರುತ್ತದೆ, ಮನೆಯಲ್ಲಿದ್ದದ್ದು ಗುರುತಿಲ್ಲದ ಹಾಗೆ ಮೇಲೆ ಬೀಳಬಹುದು. ಆಗ ಗಾಬರಿಯಾಗದೆ ಒಂದೆರಡು ದಿನ ಬೇರೆ ಇಟ್ಟು, ಹ್ಯಾಮಕ್ ಅದಲು ಬದಲು ಮಾಡಿ ಮತ್ತೆ ಬಿಡಿ. ಮೊದಲಿನಷ್ಟು ಸಮಯ ಈ ಸಲ ಬೇಕಾಗುವುದಿಲ್ಲ.